ಗಂಟಿಗೂ ಒಂದು ಊರುಂಟು

ಲಿಂಫೋಮಾ ಎಂಬ ಕ್ಯಾನ್ಸರ್ ಒಂದೊಂದು ಸೀಮೆಯಲ್ಲಿ ಒಂದೊಂದು ರೂಪ ತಾಳುತ್ತದೆ. ಉಗಾಂಡಾದ ಮಕ್ಕಳ ದವಡೆಯಿಂದ ಜಪಾನಿನ ದ್ವೀಪವಾಸಿಗಳ ರಕ್ತದವರೆಗೆ, ‘ಯಾವೂರು ನಿಮ್ದು?’ ಎಂಬ ಪ್ರಶ್ನೆ ವೈದ್ಯರಿಗೆ ದಾರಿ ತೋರಿದ ಕಥೆ ಇದು.

ಗಂಗಾವತಿಯಿಂದ ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸು. ಪಕ್ಕದ ಸೀಟಿನ ಹಿರಿಯರು ತೊಡೆಯ ಮೇಲೆ ಬಟ್ಟೆಯ ಚೀಲವೊಂದನ್ನು ಇಟ್ಟುಕೊಂಡಿದ್ದರು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಮಗಳ ಮನೆಗೆ ಒಯ್ಯುವ ತುಪ್ಪವೋ ಉಪ್ಪಿನಕಾಯಿಯೋ ಇರಬೇಕು ಅಂದುಕೊಂಡೆ. ಮಾತಿಗೆ ಮಾತು ಬೆಳೆದ ಮೇಲೆ ಅವರೇ ತೆಗೆದು ತೋರಿಸಿದರು. ಅಗಲ ಬಾಯಿಯ ಪ್ಲಾಸ್ಟಿಕ್ ಬಾಟ್ಲಿ. ಒಳಗೆ ನೀರಿನಂಥ ಫಾರ್ಮಲಿನ್. ಅದರಲ್ಲಿ ಅಡಿಕೆ ಗಾತ್ರದ, ಬೂದು ಬಣ್ಣದ ಒಂದು ಉಂಡೆ.

“ನಮ್ಮ ಹುಡುಗನ ಕುತ್ತಿಗ್ಯಾಗಿನ ಗಂಟ್ರೀ. ಕೊಯ್ದು ತಗದಾರ. ಬೆಂಗಳೂರಾಗ ಟೆಸ್ಟಿಗೆ ಕೊಡಬೇಕಂತ” ಎಂದರು. ಮುಚ್ಚಳದ ಸುತ್ತ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಅದರ ಮೇಲೆ ಬಾಲ್ ಪೆನ್ನಿನಲ್ಲಿ ಹೆಸರು, ವಯಸ್ಸು 24, ಎಡಗಡೆ ಕುತ್ತಿಗೆ ಎಂದಷ್ಟೇ ಬರೆದಿದ್ದರು.

ಗಂಟು ನಮ್ಮ ಜನಕ್ಕೆ ಹೊಸದಲ್ಲ. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ. ಹಲ್ಲು ಹುಳುಕಾದರೆ ದವಡೆಯ ಕೆಳಗೆ, ತಲೆಯಲ್ಲಿ ಕಜ್ಜಿಯಾದ ಮಗುವಿಗೆ ಕಿವಿಯ ಹಿಂದೆ. ಮನೆಯ ಅಜ್ಜಿ ಗಂಟನ್ನು ಮುಟ್ಟಿ ನೋಡಿ, ಗಾಯ ಎಲ್ಲಿದೆ ಎಂದು ಅಲ್ಲಿಂದ ಕೆಳಕ್ಕೆ ಹುಡುಕುತ್ತಾಳೆ. ಶಾಲೆಯ ಪುಸ್ತಕದಲ್ಲಿ ‘ದುಗ್ಧರಸ ಗ್ರಂಥಿ’ ಎಂದು ಓದಿದ್ದು ಇದನ್ನೇ. ಒಂದೊಂದು ಗ್ರಂಥಿಯೂ ಒಂದೊಂದು ಓಣಿಯ ಕಾವಲು ಚೌಕಿ. ಓಣಿಯಲ್ಲಿ ಗಲಾಟೆಯಾದರೆ ಚೌಕಿಯಲ್ಲಿ ಜನ ಸೇರುತ್ತಾರೆ, ಅಷ್ಟೇ. ಗಲಾಟೆ ಮುಗಿದ ಮೇಲೆ ಗಂಟೂ ಕರಗುತ್ತದೆ.

ಕರಗದೆ ಉಳಿದು, ಕಾವಲಿನವರೇ ಅಂಕೆ ತಪ್ಪಿ ಬೆಳೆಯತೊಡಗಿದರೆ ಅದು ಲಿಂಫೋಮಾ. ಇಲ್ಲಿಯೂ ಗಂಟು ತಾನು ಯಾವ ಓಣಿಯ ಗಲಾಟೆಗೆ ಎದ್ದಿದ್ದು ಎಂಬುದರ ಸುಳಿವು ಕೊಡುತ್ತದೆ. ವ್ಯತ್ಯಾಸವೆಂದರೆ, ಈ ಓಣಿ ದೇಹದೊಳಗಿನದ್ದು ಮಾತ್ರವಲ್ಲ. ರೋಗಿ ಹುಟ್ಟಿದ ಊರು, ಅಲ್ಲಿನ ಸೊಳ್ಳೆ, ತಾಯಿಯ ಹಾಲು, ಕುಡಿದ ನೀರು, ಬಾಲ್ಯದಲ್ಲಿ ಅಂಟಿದ ಸೋಂಕು ಎಲ್ಲವೂ ಅದರಲ್ಲಿ ಸೇರಿರುತ್ತವೆ.

ಒಂದು ಹೆಸರು, 80 ಕಾಯಿಲೆ

ಲಿಂಫೋಮಾ ಒಂದೇ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದರ ಬಗೆಗಳು 80ಕ್ಕೂ ಹೆಚ್ಚು. ಮೊದಲ ಕವಲು ಹಾಡ್ಜ್‌ಕಿನ್ ಮತ್ತು ಹಾಡ್ಜ್‌ಕಿನ್ ಅಲ್ಲದ್ದು. ಎರಡನೆಯದರಲ್ಲಿ ಮತ್ತೆ, ಅಂಕೆ ತಪ್ಪಿದ ಕಾವಲು ಕೋಶ ಯಾವ ಜಾತಿಯದ್ದು ಎಂಬುದರ ಮೇಲೆ, ಬಿ ಕೋಶದವು, ಟಿ ಕೋಶದವು. ಕೆಲವು ವಾರಗಳಲ್ಲಿ ಎರಡು ಪಟ್ಟು ಬೆಳೆಯುವವು ಇವೆ, ಹತ್ತು ವರ್ಷ ಸುಮ್ಮನೆ ಕೂರುವವೂ ಇವೆ. ಒಂದು ಬಗೆ ಹೊಟ್ಟೆಯ ಹುಣ್ಣಿಗೆ ಕೊಡುವ ಮಾತ್ರೆಗೇ ಕರಗಿಹೋಗುವುದುಂಟು. ಇನ್ನೊಂದು ಕಠಿಣ ಕೀಮೋಗೂ ಬಗ್ಗುವುದಿಲ್ಲ. ‘ಲಿಂಫೋಮಾ ಅಂತೆ’ ಎಂದು ಹೇಳುವುದು ‘ಜ್ವರ ಅಂತೆ’ ಎಂದಷ್ಟೇ ಅರ್ಧ ಮಾತು. ಯಾವ ಬಗೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಈ ಬಗೆಗಳು ಭೂಮಿಯ ಮೇಲೆ ಸಮನಾಗಿ ಹಂಚಿಕೊಂಡಿಲ್ಲ ಎಂಬುದು ಗೊತ್ತಾಗಿದ್ದು ಪ್ರಯೋಗಾಲಯದಲ್ಲಲ್ಲ. ಹಳೆಯ ಕಾರೊಂದರಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಒಬ್ಬ ಶಸ್ತ್ರವೈದ್ಯರಿಂದ.

ಕಂಪಾಲಾದಿಂದ 10,000 ಮೈಲಿ

ಡೆನಿಸ್ ಬರ್ಕಿಟ್ ಐರ್ಲೆಂಡಿನವರು. ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದರೂ ಶಸ್ತ್ರವೈದ್ಯರಾದರು. ಉಗಾಂಡಾದ ಕಂಪಾಲಾ ನಗರದ ಮುಲಾಗೋ ಆಸ್ಪತ್ರೆಯಲ್ಲಿ ಕೆಲಸ. 1957ರಲ್ಲಿ ಸಹೋದ್ಯೋಗಿಯೊಬ್ಬರು ಒಬ್ಬ ಪುಟ್ಟ ಹುಡುಗನನ್ನು ತೋರಿಸಲು ಕರೆದರು. ದವಡೆಯ ಎರಡೂ ಬದಿ ಮೇಲೂ ಕೆಳಗೂ ಊದಿ, ಹಲ್ಲುಗಳು ಸಡಿಲವಾಗಿ, ಮುಖವೇ ವಿಕಾರವಾಗಿತ್ತು. ಸೋಂಕಾದರೆ ಒಂದು ಮೂಲೆಯಲ್ಲಿ ಆಗಬೇಕು. ಒಮ್ಮೆಗೇ ನಾಲ್ಕೂ ಕಡೆ ಹೇಗೆ? ಕೆಲವು ವಾರಗಳ ನಂತರ ಜಿಂಜಾ ಊರಿನ ಆಸ್ಪತ್ರೆಗೆ ಹೋದಾಗ ಇನ್ನೊಂದು ಮಗುವಿನಲ್ಲಿ ಅದೇ ನಾಲ್ಕು ಊತ ಕಂಡವು. ಒಂದಿದ್ದರೆ ವಿಚಿತ್ರ, ಎರಡು ಕಂಡರೆ ಹುಡುಕಬೇಕು. ಬರ್ಕಿಟ್ ಹಳೆಯ ದಾಖಲೆಗಳನ್ನು ಕೆದಕಿದರು. ಬೇರೆ ಬೇರೆ ಅಂಗಗಳ ಕ್ಯಾನ್ಸರ್ ಎಂದು ಬೇರೆ ಬೇರೆ ಹೆಸರಲ್ಲಿ ಬರೆದಿಟ್ಟಿದ್ದ ಎಷ್ಟೋ ಮಕ್ಕಳ ಕಾಯಿಲೆ ಒಂದೇ ಎಂದು ತೋರತೊಡಗಿತು. 1958ರಲ್ಲಿ ಅದನ್ನು ಬ್ರಿಟನ್ನಿನ ಶಸ್ತ್ರವೈದ್ಯರ ಪತ್ರಿಕೆಯೊಂದರಲ್ಲಿ ಬರೆದರು. ಆಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ.

ಮುಂದೆ ಅವರು ಕೇಳಿದ್ದು ‘ಏಕೆ’ ಎಂದಲ್ಲ, ‘ಎಲ್ಲಿ’ ಎಂದು. ಕಾಯಿಲೆಯ ಚಿತ್ರವಿದ್ದ ಕರಪತ್ರಗಳನ್ನು ಆಫ್ರಿಕಾದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿದರು: ಇಂಥ ಮಗು ನಿಮ್ಮಲ್ಲಿ ಬಂದಿದೆಯೇ? ಉತ್ತರ ಬಂದಂತೆಲ್ಲ ನಕಾಶೆಯ ಮೇಲೆ ಗುರುತು ಹಾಕಿದರು. ಖಂಡದ ಒಡಲಿಗೆ ಅಡ್ಡಲಾಗಿ ಒಂದು ಪಟ್ಟಿ ಮೂಡಿತು. ಅದರ ದಕ್ಷಿಣದ ಅಂಚು ಎಲ್ಲಿ ನಿಲ್ಲುತ್ತದೆ ಎಂದು ನೋಡಲೇಬೇಕೆನಿಸಿತು. 1961ರಲ್ಲಿ 250 ಪೌಂಡಿಗೆ ಸೆಕೆಂಡ್ ಹ್ಯಾಂಡ್ ಫೋರ್ಡ್ ಸ್ಟೇಷನ್ ವ್ಯಾಗನ್ ಒಂದನ್ನು ಕೊಂಡು, ಟೆಡ್ ವಿಲಿಯಮ್ಸ್ ಮತ್ತು ಕ್ಲಿಫ್ ನೆಲ್ಸನ್ ಎಂಬ ಇಬ್ಬರು ಮಿಷನರಿ ವೈದ್ಯರೊಂದಿಗೆ ಹೊರಟರು. ಹತ್ತು ವಾರ, 10,000 ಮೈಲಿ. ಆಸ್ಪತ್ರೆ ಸಿಕ್ಕಲ್ಲಿ ಇಳಿಯುವುದು, ಫೋಟೊ ತೋರಿಸುವುದು, ‘ಇಂಥದ್ದು ನೋಡಿದ್ದೀರಾ?’ ಎಂದು ಕೇಳುವುದು, ಮತ್ತೆ ಕಾರು ಹತ್ತುವುದು.

ಉತ್ತರಗಳಲ್ಲಿ ಒಂದು ಕಟ್ಟುನಿಟ್ಟಿತ್ತು. ಸಮಭಾಜಕದ ಬಳಿ 5,000 ಅಡಿಗಿಂತ ಎತ್ತರದ ಊರುಗಳಲ್ಲಿ ಕಾಯಿಲೆ ಕಾಣುತ್ತಿರಲಿಲ್ಲ. ದಕ್ಷಿಣಕ್ಕೆ ಸರಿದಂತೆ ಆ ಗಡಿ ಕೆಳಗಿಳಿಯುತ್ತ, ಮೊಜಾಂಬಿಕ್‌ನಲ್ಲಿ ಕಡಲ ಬಯಲಿಗೇ ಬಂದು ಮುಟ್ಟಿತು. ಎಂದರೆ ಲೆಕ್ಕಕ್ಕೆ ಬರುತ್ತಿದ್ದುದು ಎತ್ತರವಲ್ಲ, ತಂಪು. ತಾಪಮಾನ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯದ, ವರ್ಷಕ್ಕೆ 20 ಇಂಚಿಗಿಂತ ಹೆಚ್ಚು ಮಳೆ ಬೀಳುವ ಸೀಮೆಯ ಮಕ್ಕಳಿಗೇ ಇದು ಬರುತ್ತಿತ್ತು. ಬೆಚ್ಚಗಿನ ನೆಲ, ನಿಂತ ನೀರು: ಸೊಳ್ಳೆ ಕಾಣುವವರಿಗೆ ಇಷ್ಟು ಸಾಕು. ಮಲೇರಿಯಾದ ನಕಾಶೆಯನ್ನು ಇದರ ಮೇಲಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದಾದವು. ಮಲೇರಿಯಾವನ್ನು ಹತೋಟಿಗೆ ತಂದಿದ್ದ ಜಾಂಜಿಬಾರ್ ದ್ವೀಪದಲ್ಲಿ ಈ ಗಂಟೂ ವಿರಳವಾಗಿತ್ತು.

ಮಂಜಿನಲ್ಲಿ ತಡವಾದ ಬಾಟ್ಲಿ

ಆ ಪ್ರಯಾಣಕ್ಕೆ ಕೆಲವು ತಿಂಗಳು ಮೊದಲು, 1961ರ ಮಾರ್ಚ್‌ನಲ್ಲಿ ಬರ್ಕಿಟ್ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟಿದ್ದರು. ಕೇಳುಗರಲ್ಲಿ ಆಂಟನಿ ಎಪ್ಸ್ಟೀನ್ ಎಂಬ ಯುವ ರೋಗವಿಜ್ಞಾನಿ ಇದ್ದರು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದವರು. ಮಳೆ, ಬಿಸಿಲು, ಎತ್ತರ ಎಂದು ಬರ್ಕಿಟ್ ಹೇಳುತ್ತಿದ್ದಂತೆ, ಇದರ ಹಿಂದೆ ಒಂದು ವೈರಸ್ ಇರಲೇಬೇಕು ಎಂದು ಅವರಿಗೆ ಅನ್ನಿಸಿತು. ಕಂಪಾಲಾದ ಮಕ್ಕಳ ಗಂಟಿನ ತುಣುಕುಗಳು ರಾತ್ರಿ ವಿಮಾನದಲ್ಲಿ ಲಂಡನ್ನಿಗೆ ಬರತೊಡಗಿದವು. ಎರಡು ವರ್ಷಕ್ಕೂ ಹೆಚ್ಚು ಕಾಲ ಏನೂ ಸಿಗಲಿಲ್ಲ.

1963ರ ಡಿಸೆಂಬರಿನ ಒಂದು ದಿನ ಲಂಡನ್ನಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಗಿ ಇಳಿಯಿತು. ಬಾಟ್ಲಿ ಪ್ರಯೋಗಾಲಯ ತಲುಪಿದಾಗ ಹೊತ್ತಾಗಿತ್ತು. ಒಳಗಿನ ದ್ರವ ಕದಡಿದ್ದರಿಂದ ಮಾದರಿ ಕೊಳೆತುಹೋಯಿತು ಎಂದೇ ಭಾವಿಸಬೇಕಿತ್ತು. ಎಸೆಯುವ ಮೊದಲು ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕದಡಿದ್ದಕ್ಕೆ ಕಾರಣ ಬ್ಯಾಕ್ಟೀರಿಯಾ ಆಗಿರಲಿಲ್ಲ. ಗಂಟಿನಿಂದ ಅಲುಗಾಡಿ ಬಿಡಿಯಾಗಿದ್ದ ಕ್ಯಾನ್ಸರ್ ಕೋಶಗಳು ಜೀವಂತ ತೇಲುತ್ತಿದ್ದವು. ಗಟ್ಟಿ ತುಣುಕಿನಲ್ಲಿ ಬೆಳೆಯಲು ಒಪ್ಪದ ಕೋಶಗಳು ಹೀಗೆ ತೇಲಿಕೊಂಡು ಬೆಳೆದವು. ಎಪ್ಸ್ಟೀನ್, ಬರ್ಟ್ ಅಚಾಂಗ್, ಇವಾನ್ ಬಾರ್ ಮೂವರೂ ಸೇರಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ವೈರಸ್ಸನ್ನು 1964ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನುಷ್ಯರಲ್ಲಿ ಕ್ಯಾನ್ಸರಿಗೆ ನಂಟು ಹಾಕಿದ ಮೊದಲ ವೈರಸ್ ಅದು: ಎಪ್ಸ್ಟೀನ್–ಬಾರ್ ವೈರಸ್, ಚಿಕ್ಕದಾಗಿ ಇಬಿವಿ.

ಆದರೆ ಒಗಟು ಬಿಡಿಸಿದಷ್ಟೂ ಗಂಟಾಯಿತು. ಈ ವೈರಸ್ ಆಫ್ರಿಕಾದ್ದಷ್ಟೇ ಅಲ್ಲ, ಜಗತ್ತಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದೊಡ್ಡವರ ಮೈಯಲ್ಲಿದೆ. ಈ ಲೇಖನ ಓದುತ್ತಿರುವ ನಿಮ್ಮಲ್ಲಿಯೂ ಬಹುಶಃ ಇದೆ. ಎಂಜಲಿನ ಮೂಲಕ, ಹೆಚ್ಚಿನವರಿಗೆ ಗೊತ್ತೇ ಆಗದಂತೆ ಅಂಟುತ್ತದೆ. ಹಾಗಿದ್ದರೆ ದವಡೆಯ ಗಂಟು ಆ ಪಟ್ಟಿಯ ಮಕ್ಕಳಿಗೇ ಏಕೆ? ಉತ್ತರದ ಇನ್ನರ್ಧ ಮಲೇರಿಯಾದಲ್ಲಿದೆ. ಫ್ಯಾಲ್ಸಿಪೇರಮ್ ಮಲೇರಿಯಾ ಮತ್ತೆ ಮತ್ತೆ ಬಂದಾಗ ಮಗುವಿನ ಬಿ ಕೋಶಗಳು ಪ್ರತಿಕಾಯ ತಯಾರಿಸಲು ಹಗಲಿರುಳು ವಿಭಜನೆಯಾಗುತ್ತವೆ. ಪ್ರತಿಕಾಯವನ್ನು ಹರಿತಗೊಳಿಸಲು ಅವು ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿ ಜೋಡಿಸಿಕೊಳ್ಳಬೇಕು. ಆ ಗಡಿಬಿಡಿಯಲ್ಲಿ ಎಲ್ಲೋ ಒಮ್ಮೆ, ಬೆಳವಣಿಗೆಗೆ ಆಜ್ಞೆ ಕೊಡುವ ‘ಮಿಕ್’ ಎಂಬ ಜೀನು ತಪ್ಪು ಜಾಗಕ್ಕೆ ಅಂಟುತ್ತದೆ. ಕೆಟ್ಟ ಕೋಶ ಸಾಮಾನ್ಯವಾಗಿ ಸಾಯುತ್ತದೆ. ಒಳಗೆ ಕೂತ ಇಬಿವಿ ಅದನ್ನು ಸಾಯಲು ಬಿಡುವುದಿಲ್ಲ.

ಇದನ್ನು ತಿಳಿದ ಮೇಲೆ ನಮ್ಮ ಕರಾವಳಿಯ ಕಡೆ ನೋಡಬಹುದು. ಮಂಗಳೂರು ಮಲೇರಿಯಾಕ್ಕೆ ಹೆಸರಾದ ಊರು. ಮಳೆ, ಸೆಕೆ, ಸೊಳ್ಳೆ ಯಾವುದಕ್ಕೂ ಕೊರತೆಯಿಲ್ಲ. ಇಬಿವಿ ನಮ್ಮ ಮಕ್ಕಳಿಗೂ ಎಳವೆಯಲ್ಲೇ ಅಂಟುತ್ತದೆ. ಆದರೂ ಬರ್ಕಿಟ್‌ನ ಪಟ್ಟಿ ಇಲ್ಲಿ ಹಾದುಹೋಗುವುದಿಲ್ಲ. ಮಂಗಳೂರಿನ ಮಲೇರಿಯಾದಲ್ಲಿ ಹೆಚ್ಚಿನ ಪಾಲು ವೈವಾಕ್ಸ್ ಜಾತಿಯದ್ದು. ಪಟ್ಟಿ ಹುಟ್ಟಲು ಬೇಕಾದದ್ದು ಫ್ಯಾಲ್ಸಿಪೇರಮ್, ಅದೂ ಮಗು ಅಂಬೆಗಾಲಿಡುವ ಕಾಲದಿಂದಲೇ ವರ್ಷವಿಡೀ ಕಾಡುವ ಮಟ್ಟದ್ದು. ಬರ್ಕಿಟ್ ಹೆಸರನ್ನೇ ಹೊತ್ತ ಆ ಗಂಟು, ಬರ್ಕಿಟ್ ಲಿಂಫೋಮಾ, ನಮ್ಮಲ್ಲಿಯೂ ಇದೆ. ಆದರೆ ಅದು ವಿರಳ, ಹೆಚ್ಚಾಗಿ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವ ಬಗೆ.

ಇದರ ಸ್ಲೈಡನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಡು ನೀಲಿ ಕೋಶಗಳು ಸಂದಿಲ್ಲದಂತೆ ಒತ್ತಿಕೊಂಡಿರುತ್ತವೆ. ನಡುನಡುವೆ ಸತ್ತ ಕೋಶಗಳನ್ನು ನುಂಗುತ್ತಿರುವ ದೊಡ್ಡ ಕೋಶಗಳು ತೆಳು ಬಿಳಿ ಚುಕ್ಕೆಗಳಂತೆ. ವೈದ್ಯರು ಇದನ್ನು ‘ನಕ್ಷತ್ರ ತುಂಬಿದ ಆಕಾಶ’ ಎನ್ನುತ್ತಾರೆ. ಅಷ್ಟು ಬೇಗ ಬೆಳೆಯುವುದರಿಂದಲೇ ಕೀಮೋಗೆ ಅಷ್ಟೇ ಬೇಗ ಕರಗುತ್ತದೆ. ಕೆಲವೇ ಡೋಸ್ ಔಷಧಿಗೆ ದವಡೆಯ ಊತ ಇಳಿದುಹೋದದ್ದನ್ನು ಬರ್ಕಿಟ್ ಕಂಪಾಲಾದಲ್ಲೇ ಕಂಡಿದ್ದರು.

ಕ್ಯೋಟೋದ ವಾರ್ಡಿನಲ್ಲಿ ಕ್ಯುಶುವಿನವರು

ಬರ್ಕಿಟ್ ಊರೂರು ಅಲೆದು ಕಂಡುಕೊಂಡಿದ್ದನ್ನು ಜಪಾನಿನ ಕಿಯೋಶಿ ತಕಾತ್ಸುಕಿ ತಮ್ಮ ಆಸ್ಪತ್ರೆಯಲ್ಲಿ ಕೂತೇ ಕಂಡರು. ಕ್ಯೋಟೋ ನಗರದಲ್ಲಿ ಅವರ ಬಳಿ ಬರುತ್ತಿದ್ದ ಕೆಲವು ವಯಸ್ಕರ ರಕ್ತದಲ್ಲಿ ವಿಚಿತ್ರ ಟಿ ಕೋಶಗಳಿದ್ದವು. ಕೋಶದ ಕೇಂದ್ರ ಗುಂಡಗಿರದೆ ಎಸಳೆಸಳಾಗಿ ಅರಳಿದ್ದರಿಂದ ಅವಕ್ಕೆ ‘ಹೂವಿನ ಕೋಶ’ ಎಂದೇ ಹೆಸರು ಬಂತು. ರೋಗಿಗಳು ಹುಟ್ಟಿದ್ದೆಲ್ಲಿ ಎಂದು ನೋಡಿದರೆ, ಬಹುತೇಕರು ಕ್ಯೋಟೋದವರಲ್ಲ. ನೈಋತ್ಯದ ಕ್ಯುಶು ದ್ವೀಪದಿಂದ ಬಂದು ನೆಲೆಸಿದವರು. 1977ರಲ್ಲಿ ತಕಾತ್ಸುಕಿ ಮತ್ತು ಸಂಗಡಿಗರು ಇದನ್ನು ಬೇರೆಯೇ ಕಾಯಿಲೆ ಎಂದು ವಿವರಿಸಿದರು. ವಾಸದ ವಿಳಾಸವನ್ನಷ್ಟೇ ನೋಡಿದ್ದರೆ ಈ ಎಳೆ ಕೈಗೆ ಸಿಗುತ್ತಿರಲಿಲ್ಲ.

ಮುಂದೆ ಅಮೆರಿಕದ ರಾಬರ್ಟ್ ಗ್ಯಾಲೊ ತಂಡ 1980ರಲ್ಲಿ, ಜಪಾನಿನ ಯೋರಿಯೋ ಹಿನುಮಾ ತಂಡ 1981ರಲ್ಲಿ ಇದರ ಹಿಂದಿನ ವೈರಸ್ಸನ್ನು ವರದಿ ಮಾಡಿದವು: ಎಚ್‌ಟಿಎಲ್‌ವಿ–1. ಇದು ಇಬಿವಿಯಂತೆ ಎಲ್ಲೆಡೆ ಹರಡಿಲ್ಲ. ಕ್ಯುಶು, ಒಕಿನಾವಾ, ಕೆರಿಬಿಯನ್ ದ್ವೀಪಗಳು, ಪಶ್ಚಿಮ ಆಫ್ರಿಕಾ, ಇರಾನಿನ ಮಷಾದ್, ಆಸ್ಟ್ರೇಲಿಯಾದ ನಡುನಾಡಿನ ಮೂಲನಿವಾಸಿಗಳು, ಹೀಗೆ ತೇಪೆ ಹಾಕಿದಂತೆ ಅಲ್ಲಲ್ಲಿ ಇದೆ. 1982ರಲ್ಲಿ ಲಂಡನ್ನಿನ ವೈದ್ಯರು ಇದೇ ಕಾಯಿಲೆಯನ್ನು ತಮ್ಮಲ್ಲಿ ಕಂಡರು. ರೋಗಿಗಳು ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿ ವಲಸೆ ಬಂದವರು. ಗಂಟು ಲಂಡನ್ನಿನದಾದರೂ ಊರು ಸಮುದ್ರದಾಚೆಗಿತ್ತು.

ಈ ವೈರಸ್ ಮುಖ್ಯವಾಗಿ ತಾಯಿಯ ಹಾಲಿನಿಂದ ಮಗುವಿಗೆ ದಾಟುತ್ತದೆ. ಲೈಂಗಿಕ ಸಂಪರ್ಕ ಮತ್ತು ರಕ್ತದಿಂದಲೂ ದಾಟಬಲ್ಲದು. ಅಂಟಿದವರಲ್ಲಿ ಹೆಚ್ಚಿನವರಿಗೆ ಜೀವನವಿಡೀ ಏನೂ ಆಗದು. ನೂರರಲ್ಲಿ ಕೆಲವರಿಗೆ ಮಾತ್ರ, ಅದೂ ಹಲವು ದಶಕಗಳ ನಂತರ, ಲಿಂಫೋಮಾ ಬರುತ್ತದೆ. ನಾಗಸಾಕಿ ಪ್ರಾಂತ್ಯ 1987ರಿಂದ ಗರ್ಭಿಣಿಯರ ರಕ್ತ ಪರೀಕ್ಷಿಸಿ, ಸೋಂಕಿರುವ ತಾಯಂದಿರಿಗೆ ಎದೆಹಾಲು ಬೇಡ, ಬಾಟ್ಲಿ ಹಾಲು ಕೊಡಿ ಎಂದು ಸಲಹೆ ಕೊಡತೊಡಗಿತು. ಹೆಚ್ಚು ಕಾಲ ಎದೆಹಾಲು ಕುಡಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 20ರಷ್ಟಿದ್ದ ಸೋಂಕು ಬಾಟ್ಲಿ ಹಾಲಿನ ಮಕ್ಕಳಲ್ಲಿ 2–3ಕ್ಕೆ ಇಳಿಯಿತು. ನಕಾಶೆ ನೋಡುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾಗಸಾಕಿಯನ್ನು ತೋರಿಸಬಹುದು.

ಹೊಟ್ಟೆಯ ಭೂಗೋಳ

ವೈರಸ್ಸಿನಂತೆಯೇ ಬ್ಯಾಕ್ಟೀರಿಯಾ ಕೂಡ. ಜಠರದ ಗೋಡೆಯಲ್ಲಿ ಮೂಲತಃ ದುಗ್ಧ ಅಂಗಾಂಶವೇ ಇಲ್ಲ. ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೊರಿ ವರ್ಷಗಟ್ಟಲೆ ಬೀಡುಬಿಟ್ಟರೆ ಕಾವಲಿನ ಕೋಶಗಳು ಅಲ್ಲಿಯೂ ಗುಡಿಸಲು ಹಾಕುತ್ತವೆ. ಅಪರೂಪಕ್ಕೆ ಅವೇ ಲಿಂಫೋಮಾ ಆಗುತ್ತವೆ. ಇಟಲಿಯ ಈಶಾನ್ಯದಲ್ಲಿ ಇದು ಹೆಚ್ಚೆಂದು 1990ರ ದಶಕದ ಆರಂಭದಲ್ಲಿ ಗೊತ್ತಾಯಿತು. 1993ರಲ್ಲಿ ಲಂಡನ್ನಿನ ಆಂಡ್ರ್ಯೂ ವದರ್‌ಸ್ಪೂನ್, ಪೀಟರ್ ಐಸಾಕ್ಸನ್ ಮತ್ತವರ ಸಂಗಡಿಗರು ಬ್ಯಾಕ್ಟೀರಿಯಾವನ್ನು ಆಂಟಿಬಯೋಟಿಕ್‌ನಿಂದ ತೆಗೆದರೆ ಲಿಂಫೋಮಾ ಕೂಡ ಕರಗುತ್ತದೆ ಎಂದು ತೋರಿಸಿದಾಗ ಕ್ಯಾನ್ಸರ್ ವೈದ್ಯರು ಬೆರಗಾದರು. ಮೆಡಿಟರೇನಿಯನ್ ಮತ್ತು ಮಧ್ಯಪ್ರಾಚ್ಯದ ಬಡ ಊರುಗಳಲ್ಲಿ ಸಣ್ಣ ಕರುಳಿಗೆ ಬರುವ ಇನ್ನೊಂದು ಬಗೆಯೂ ಮೊದಲ ಹಂತದಲ್ಲಿ ಟೆಟ್ರಾಸೈಕ್ಲಿನ್‌ಗೆ ಬಗ್ಗುತ್ತದೆ. ಉತ್ತರ ಯುರೋಪಿನಲ್ಲಿ ಕರುಳಿನ ಟಿ ಕೋಶದ ಲಿಂಫೋಮಾಕ್ಕೆ ನಂಟು ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯದ್ದು. ಅನ್ನ ಉಣ್ಣುವ ಪೂರ್ವ ಏಷ್ಯಾದಲ್ಲಿ ಕಾಣುವುದು ಆ ನಂಟಿಲ್ಲದ ಬೇರೆ ಬಗೆ. ಮೂಗಿನ ನಡುವನ್ನೇ ತಿನ್ನುವ ಎನ್‌ಕೆ/ಟಿ ಲಿಂಫೋಮಾ ಚೀನಾ, ಕೊರಿಯಾ, ಜಪಾನ್‌ಗಳಲ್ಲೂ ಪೆರು, ಮೆಕ್ಸಿಕೊಗಳಲ್ಲೂ ಹೆಚ್ಚು, ಯುರೋಪಿನಲ್ಲಿ ಅಪರೂಪ. ಅದರಲ್ಲಿಯೂ ಕೂತಿರುವುದು ಇಬಿವಿಯೇ.

2773 ಗಂಟುಗಳು

ಹಾಗಿದ್ದರೆ ನಮ್ಮ ನೆಲದ ಲೆಕ್ಕವೇನು? ಹೋಲಿಸಲು ಮೊದಲು ಎಲ್ಲರೂ ಒಂದೇ ಹೆಸರು ಬಳಸಬೇಕಿತ್ತು. 1990ರ ದಶಕದವರೆಗೆ ಒಂದೊಂದು ದೇಶದ ವೈದ್ಯರು ಒಂದೊಂದು ಪದ್ಧತಿಯಲ್ಲಿ ಹೆಸರಿಡುತ್ತಿದ್ದರು. 1997ರಲ್ಲಿ ಜೇಮ್ಸ್ ಆರ್ಮಿಟೇಜ್ ಮುಂದಾಳಾಗಿ, ವ್ಯಾಂಕೂವರ್, ಒಮಾಹಾ, ಲಂಡನ್, ಕೇಪ್‌ಟೌನ್, ಹಾಂಗ್‌ಕಾಂಗ್ ಮೊದಲಾದ ಊರುಗಳ 1403 ರೋಗಿಗಳ ಸ್ಲೈಡುಗಳನ್ನೆಲ್ಲ ಐವರು ತಜ್ಞರೇ ಕೂತು ನೋಡಿದರು. ಒಟ್ಟಾರೆ ಅತಿ ದೊಡ್ಡ ಪಾಲು ‘ಡಿಫ್ಯೂಸ್ ಲಾರ್ಜ್ ಬಿ ಸೆಲ್’ ಎಂಬ ವೇಗದ ಬಗೆಯದ್ದು, 31%. ನಿಧಾನವಾಗಿ ಬೆಳೆಯುವ ಫಾಲಿಕ್ಯುಲರ್ ಬಗೆ ಮಾತ್ರ ಊರಿನಿಂದ ಊರಿಗೆ ಬದಲಾಯಿತು: ಉತ್ತರ ಅಮೆರಿಕದಲ್ಲಿ ಸುಮಾರು ಮೂರರಲ್ಲೊಂದು, ಹಾಂಗ್‌ಕಾಂಗ್‌ನಲ್ಲಿ ಅದಕ್ಕಿಂತ ಬಹಳ ಕಡಿಮೆ. ಹಾಂಗ್‌ಕಾಂಗ್‌ನಲ್ಲಿ ಟಿ ಕೋಶದವು ಹೆಚ್ಚು.

ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. 2000ದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಿಂದ ಕಿಕ್ಕೇರಿ ಎನ್. ನರೇಶ್ ಮತ್ತು ಸಂಗಡಿಗರು ಹಾಡ್ಜ್‌ಕಿನ್ ಅಲ್ಲದ 2773 ಲಿಂಫೋಮಾಗಳ ಲೆಕ್ಕ ಕೊಟ್ಟರು. ಬಿ ಕೋಶದವು 79%, ಟಿ ಕೋಶದವು 16%. ಡಿಫ್ಯೂಸ್ ಲಾರ್ಜ್ ಬಿ ಸೆಲ್ 34%. ಫಾಲಿಕ್ಯುಲರ್ 12.6% ಮಾತ್ರ. ಬರ್ಕಿಟ್ 1.8%. ಎಂದರೆ ನಾವು ಅಮೆರಿಕದಂತೆಯೂ ಇಲ್ಲ, ಪೂರ್ವ ಏಷ್ಯಾದಂತೆಯೂ ಇಲ್ಲ. ಫಾಲಿಕ್ಯುಲರ್ ಪಶ್ಚಿಮಕ್ಕಿಂತ ಕಡಿಮೆ; ಮೂಗಿನ ಎನ್‌ಕೆ/ಟಿ ಬಗೆಯೋ ಪೂರ್ವದವರಿಗಿಂತ ಕಡಿಮೆ. ಮುಂದೆ 2013ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 5115 ಲಿಂಫೋಮಾಗಳ ಲೆಕ್ಕ ಪ್ರಕಟಿಸಿದಾಗಲೂ ಮೊದಲ ಸ್ಥಾನ ಡಿಫ್ಯೂಸ್ ಲಾರ್ಜ್ ಬಿ ಸೆಲ್‌ಗೇ ಇತ್ತು.

ಇಂಥ ಶೇಕಡಾವಾರು ಓದುವಾಗ ಕಣದಲ್ಲಿ ರಾಶಿ ನೋಡಿದವರ ಎಚ್ಚರ ಬೇಕು. ಒಬ್ಬರ ಕಣದಲ್ಲಿ 10 ಚೀಲ ಜೋಳ, 10 ಚೀಲ ತೊಗರಿ. ಪಕ್ಕದವರ ಕಣದಲ್ಲಿ 40 ಚೀಲ ಜೋಳ, 10 ಚೀಲ ತೊಗರಿ. ತೊಗರಿ ಇಬ್ಬರಿಗೂ ಬೆಳೆದದ್ದು ಅಷ್ಟೇ. ಪಾಲು ಲೆಕ್ಕ ಹಾಕಿದರೆ ಮೊದಲನೆಯವರಲ್ಲಿ ಅರ್ಧ, ಎರಡನೆಯವರಲ್ಲಿ ಐದನೇ ಒಂದು. ಏಷ್ಯಾದಲ್ಲಿ ಟಿ ಕೋಶದ ಲಿಂಫೋಮಾ ‘ಹೆಚ್ಚು’ ಎನ್ನುವಾಗ ಅದರಲ್ಲಿ ಒಂದಷ್ಟು ಇಂಥ ಹೆಚ್ಚಳ. ಜೋಳದ ಜಾಗದಲ್ಲಿರುವ ಫಾಲಿಕ್ಯುಲರ್ ಕಡಿಮೆ ಇರುವುದರಿಂದ ಮಿಕ್ಕವುಗಳ ಪಾಲು ಉಬ್ಬಿ ಕಾಣುತ್ತದೆ.

ಫಾಲಿಕ್ಯುಲರ್ ಕಡಿಮೆ ಏಕೆ? ಒಂದು ಭಾಗ ಹುಟ್ಟಿನದ್ದು, ಇನ್ನೊಂದು ಭಾಗ ಬಾಳ್ವೆಯದ್ದು ಎಂದು ವಲಸಿಗರ ಅಧ್ಯಯನಗಳು ಹೇಳುತ್ತವೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಏಷ್ಯಾ ಮೂಲದವರಲ್ಲಿ ಅದು ವಲಸೆ ಬಂದವರಿಗಿಂತ ಹೆಚ್ಚು. ಆದರೂ ಬಿಳಿಯರ ಮಟ್ಟ ಮುಟ್ಟುವುದಿಲ್ಲ. ಮುಪ್ಪಿನಲ್ಲಿ ಬರುವ ಸಿಎಲ್‌ಎಲ್ ಎಂಬ ದುಗ್ಧಕೋಶದ ಕ್ಯಾನ್ಸರ್ ಪೂರ್ವ ಏಷ್ಯಾದವರಲ್ಲಿ ವಿರಳ, ಊರು ಬದಲಿಸಿದರೂ ವಿರಳವಾಗಿಯೇ ಉಳಿಯುತ್ತದೆ. ಕೆಲವು ಗಂಟುಗಳು ನೀರು ಬದಲಾದರೆ ಬದಲಾಗುತ್ತವೆ, ಕೆಲವು ಬೀಜದ ಗುಣವನ್ನೇ ಹಿಡಿದು ಕೂರುತ್ತವೆ.

ಕ್ಷಯದ ನೆರಳಲ್ಲಿ

ಬಸ್ಸಿನ ಹಿರಿಯರ ಮಾತಿಗೆ ಮರಳುತ್ತೇನೆ. ಅವರ ಹುಡುಗನಿಗೆ ಗಂಟು ಕಂಡು ಎಂಟು ತಿಂಗಳಾಗಿತ್ತಂತೆ. ಮೊದಲ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದರು. “ಮಾತ್ರಿ ಮುಗದ್ರೂ ಗಂಟು ಹಂಗ ಇತ್ರೀ. ಮತ್ತೊಂದು ಮ್ಯಾಲ ಎದ್ದಿತ್ತು.”

ಕೊಟ್ಟವರನ್ನು ಪೂರ್ತಿ ದೂರುವಂತಿಲ್ಲ. ಕುತ್ತಿಗೆಯ ಸುತ್ತ ಸರದಂತೆ ಏಳುವ ಗಂಟಿಗೆ ಗಂಡಮಾಲೆ ಎಂಬ ಹೆಸರು ನಮ್ಮಲ್ಲಿ ಹಳೆಯದು. ಅದರಲ್ಲಿ ಹೆಚ್ಚಿನವು ಕ್ಷಯವೇ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕ್ಷಯಕ್ಕೂ ಲಿಂಫೋಮಾಕ್ಕೂ ಒಂದೇ. ಈ ಗೊಂದಲ ಪುಸ್ತಕದಷ್ಟೇ ಹಳೆಯದು. ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ವಿವರಿಸಿದ ಕಾಯಿಲೆಯನ್ನು 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಕ್ಷಯದ್ದೇ ಒಂದು ರೂಪ ಎಂದರು. ಹಾಗಲ್ಲ ಎಂದು 1902ರಲ್ಲಿ ತೋರಿಸಿದ್ದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಡಾರೊಥಿ ರೀಡ್. ಈ ಕಾಯಿಲೆಯ ಗುರುತಾದ, ಗೂಬೆಯ ಕಣ್ಣುಗಳಂತೆ ಎರಡು ಕೇಂದ್ರಗಳಿರುವ ದೊಡ್ಡ ಕೋಶಕ್ಕೆ ಇಂದಿಗೂ ರೀಡ್, ಸ್ಟರ್ನ್‌ಬರ್ಗ್ ಇಬ್ಬರ ಹೆಸರೂ ಇದೆ.

ಹಾಡ್ಜ್‌ಕಿನ್‌ಗೂ ಊರಿದೆ. ಶ್ರೀಮಂತ ದೇಶಗಳಲ್ಲಿ ಇದು ಹೆಚ್ಚಾಗಿ ಇಪ್ಪತ್ತು–ಮೂವತ್ತರ ಯುವಜನರದ್ದು, ಅರ್ಧಕ್ಕಿಂತ ಹೆಚ್ಚಿನವರಲ್ಲಿ ಇಬಿವಿ ಸಿಗುವುದಿಲ್ಲ. ಬಡ ದೇಶಗಳಲ್ಲಿ ಚಿಕ್ಕ ಮಕ್ಕಳಿಗೂ ಬರುತ್ತದೆ, ಅವರ ಗಂಟುಗಳಲ್ಲಿ ಬಹುಪಾಲು ಇಬಿವಿ ಇರುತ್ತದೆ, ಕೋಶಗಳ ಜೋಡಣೆಯೂ ಬೇರೆ. ಇಬ್ಬರು ಮೂವರು ಮಕ್ಕಳು ಒಂದೇ ತಟ್ಟೆಯಲ್ಲಿ ಉಣ್ಣುವ ಮನೆಯಲ್ಲಿ ವೈರಸ್ ಬೇಗ ಅಂಟುತ್ತದೆ. ಮನೆ ಚಿಕ್ಕದಾಗಿ, ತಟ್ಟೆ ಬೇರೆಯಾದಂತೆ ಅದು ಅಂಟುವ ವಯಸ್ಸೂ ಮುಂದೆ ಹೋಗುತ್ತದೆ. ಕಾಯಿಲೆಯ ಮುಖವೂ ಜೊತೆಯಲ್ಲೇ ಬದಲಾಗುತ್ತದೆ.

ಮನೆಯವರು ನೆನಪಿಡಬೇಕಾದದ್ದು ಕೆಲವೇ. ನೋವಿಲ್ಲದ, ರಬ್ಬರಿನಂತೆ ಗಟ್ಟಿಯಾದ ಗಂಟು ಮೂರು ನಾಲ್ಕು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಕ್ಷಯದ ಮಾತ್ರೆ ಹಾಕಿದರೂ ಬೆಳೆಯುತ್ತಲೇ ಇದ್ದರೆ, ಗಂಟನ್ನು ಪರೀಕ್ಷೆಗೆ ಕಳಿಸಲು ಕೇಳಿ. ಸೂಜಿ ಚುಚ್ಚಿ ಹೀರಿದ ನಾಲ್ಕು ಕೋಶಗಳಲ್ಲಿ ಬಗೆ ಗೊತ್ತಾಗುವುದು ಕಷ್ಟ. ಆದಷ್ಟೂ ಇಡೀ ಗಂಟು ಬೇಕು, ಏಕೆಂದರೆ ಕೋಶಗಳು ಸಾಲುಗಟ್ಟಿದ ರೀತಿಯಲ್ಲೇ ಅರ್ಧ ಉತ್ತರವಿದೆ. ಗಂಟು ತೆಗೆಯುವ ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕರಗಿ, ಸ್ಲೈಡಿನಲ್ಲಿ ಏನೂ ಸಿಗದೆ ಹೋಗಬಹುದು. ಹಾಡ್ಜ್‌ಕಿನ್ ಆಗಿದ್ದರೆ ಹೆದರಿ ಕೂರಬೇಕಿಲ್ಲ: ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಗುಣವಾಗುವ ಕ್ಯಾನ್ಸರ್ ಅದು.

ಪೆನ್ನು ಕೇಳಿದರು

ಭಾರತದ ಕ್ಯಾನ್ಸರ್ ನಕಾಶೆಯಲ್ಲಿ ಬೆಂಗಳೂರಿಗೆ ಹಳೆಯ ಜಾಗವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಯೋಜನೆಯಡಿ 1982ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಗರದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ದೇಶದ ಲೆಕ್ಕಗಳನ್ನು ಒಟ್ಟುಗೂಡಿಸುವ ರಾಷ್ಟ್ರೀಯ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ನೋಂದಣಿಯ ಸಿಬ್ಬಂದಿ ಆಸ್ಪತ್ರೆ, ಲ್ಯಾಬು, ಮರಣ ದಾಖಲೆಗಳ ಕಚೇರಿ ಸುತ್ತಿ ಹೆಸರು ಕೂಡಿಸುತ್ತಾರೆ. ಒಂದು ವರ್ಷವಾದರೂ ಊರಲ್ಲಿ ವಾಸವಿದ್ದವರನ್ನಷ್ಟೇ ಆ ಊರಿನ ಲೆಕ್ಕಕ್ಕೆ ಹಿಡಿಯುತ್ತಾರೆ. ಚಿಕಿತ್ಸೆಗೆಂದು ಬಂದವರನ್ನು ಸೇರಿಸಿದರೆ ಬೆಂಗಳೂರಿನ ಅಂಕಿ ಉಬ್ಬುತ್ತದೆ, ಕೊಪ್ಪಳ, ರಾಯಚೂರು, ಯಾದಗಿರಿಗಳು ನಕಾಶೆಯಲ್ಲಿ ಆರೋಗ್ಯವಂತರ ಸೀಮೆಯಂತೆ ಖಾಲಿ ಕಾಣುತ್ತವೆ. ಬರ್ಕಿಟ್‌ನ ನಕಾಶೆಯಲ್ಲಿ ಖಾಲಿ ಜಾಗವೂ ಮಾತಾಡುತ್ತಿತ್ತು, ಏಕೆಂದರೆ ಅವರು ಅಲ್ಲಿಗೆ ಹೋಗಿ ಕೇಳಿ ಬಂದಿದ್ದರು. ಯಾರೂ ಹೋಗಿ ಕೇಳದ ಖಾಲಿ ಜಾಗಕ್ಕೆ ಆ ಅರ್ಥವಿಲ್ಲ. ಆಸ್ಪತ್ರೆಗಳ ಶೇಕಡಾ ಲೆಕ್ಕಗಳಲ್ಲಿರುವುದು ಬಸ್ಸು ಹತ್ತಿ ಬರಲಾದವರು ಮಾತ್ರ.

ಬೆಳಗಿನ ಜಾವ ಯಶವಂತಪುರ ದಾಟುವಾಗ ಹಿರಿಯರು ಚೀಲದಿಂದ ಮಡಚಿದ ಫಾರಂ ತೆಗೆದು, “ಪೆನ್ನು ಐತೇನ್ರೀ?” ಎಂದು ಕೇಳಿದರು. ಕೊಟ್ಟೆ. ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಎದುರಿನ ಸೀಟಿನ ಬೆನ್ನಿಗೆ ಫಾರಂ ಒತ್ತಿಕೊಂಡು ಬರೆದರು. ಹುಡುಗನ ಹೆಸರು, ವಯಸ್ಸು. ವಿಳಾಸದ ಕಡೆ ಬಂದಾಗ ಜೇಬಿನಿಂದ ಇನ್ನೊಂದು ಚೀಟಿ ತೆಗೆದು ನೋಡಿಕೊಂಡು, ರಾಜಾಜಿನಗರದ ಒಂದು ಅಡ್ಡರಸ್ತೆಯನ್ನು ಬರೆಯತೊಡಗಿದರು.

“ನಿಮ್ಮ ಊರಿನದ್ದು ಹಾಕಲ್ವಾ?” ಎಂದೆ.

“ತಮ್ಮನ ಮನಿದ್ರೀ. ಇಲ್ಲಿದು ಹಾಕಿದ್ರ ರಿಪೋರ್ಟ್ ಲಗೂ ಕೊಡ್ತಾರಂತ.”

ಕ್ಯುಶುವಿನವರು, ಕೆರಿಬಿಯನ್‌ನವರು, ಜಿಂಜಾದ ಮಗು ಎಲ್ಲ ನೆನಪಾದರು. ಹಾಗೇನಿಲ್ಲ, ಊರಿನದ್ದೂ ಬರೆಯಿರಿ, ಫೋನ್ ನಂಬರ್ ತಮ್ಮನದ್ದು ಕೊಟ್ಟರೆ ಸಾಕು ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು; ಆಮೇಲೆ ರಾಜಾಜಿನಗರದ ಕೆಳಗೆ, ಉಳಿದಿದ್ದ ಇಕ್ಕಟ್ಟಿನ ಜಾಗದಲ್ಲಿ, ತಮ್ಮ ಹಳ್ಳಿಯ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದರು. ಮೆಜೆಸ್ಟಿಕ್ ಬರುವವರೆಗೂ ಬಾಟ್ಲಿ ನನ್ನ ತೊಡೆಯ ಮೇಲೇ ಇತ್ತು.